ಪ್ರಾಚೀನ ಗ್ರೀಕ್ ವಿನೋದನಾಟಕದಲ್ಲಿ ವೇಷಭೂಷಣದ ಮಹತ್ವ

ಗ್ರೀಕ್ ರಂಗಭೂಮಿ ಕನ್ನಡಕ್ಕೆ ಪರಿಚಯವಾದದ್ದು ಬಹುಮಟ್ಟಿಗೆ ರುದ್ರನಾಟಕಗಳ ಮೂಲಕ. ಸೋಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ಆಧರಿಸಿ ಬಿ.ಎಂ. ಶ್ರೀಕಂಠಯ್ಯನವರು ರಚಿಸಿದ ‘ಅಶ್ವತ್ಥಾಮನ್’ (1929), ಈಸ್ಕಿಲಸನ ನಾಟಕದ ಅನುವಾದವಾದ ‘ಪಾರಸಿಕರು’ (1935) ಈ ಪರಿಚಯಕ್ಕೆ ತಳಹದಿ ಹಾಕಿದವು. ಆದರೆ ಡಯೊನಿಸಸ್ ದೇವರ ಅದೇ ಉತ್ಸವಗಳಲ್ಲಿ, ಅದೇ ರಂಗದ ಮೇಲೆ ರುದ್ರನಾಟಕದೊಡನೆ ಪ್ರದರ್ಶಿತವಾಗುತ್ತಿದ್ದ ವಿನೋದನಾಟಕಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ವಿನೋದನಾಟಕದ ವೇಷಭೂಷಣವನ್ನಂತೂ ಒರಟು ಹಾಸ್ಯದ ಪರಿಕರವೆಂದು ಬದಿಗೆ ಸರಿಸುವುದೇ ವಾಡಿಕೆ. ಅಥೆನ್ಸ್ ನಗರವು ತನ್ನ ಪೌರತ್ವದ ಪ್ರಶ್ನೆಯನ್ನು ಸಾರ್ವಜನಿಕವಾಗಿ ಪರೀಕ್ಷಿಸಿಕೊಂಡ ಸಾಧನಗಳಲ್ಲಿ ಈ ವೇಷಭೂಷಣವೂ ಒಂದು ಎಂಬುದನ್ನು ಅರಿಸ್ಟೋಫನೀಸನ ನಾಟಕಗಳ ಆಧಾರದ ಮೇಲೆ ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಉಡುಪಿನ ಪ್ರಶ್ನೆ ಅಥೆನ್ಸಿನಲ್ಲಿ ರಂಗಭೂಮಿಗೆ ಮಾತ್ರ ಸೀಮಿತವಾಗಿರಲಿಲ್ಲ. ಕ್ಸೆನೊಫೋನನ ಕೃತಿಗಳೊಡನೆ ಉಳಿದುಬಂದಿರುವ, ಆದರೆ ಅವನದಲ್ಲದ ‘ಅಥೆನ್ಸಿನ ರಾಜ್ಯವ್ಯವಸ್ಥೆ’ ಎಂಬ ಕಿರುಗ್ರಂಥವೊಂದಿದೆ. ಇದರ ಅಜ್ಞಾತ ಕರ್ತೃ ಪ್ರಜಾಪ್ರಭುತ್ವದ ವಿರೋಧಿ. ಅಥೆನ್ಸಿನಲ್ಲಿ ಗುಲಾಮನನ್ನು ಹೊಡೆಯುವಂತಿಲ್ಲ, ಅವನು ದಾರಿ ಬಿಡುವುದೂ ಇಲ್ಲ ಎಂಬುದು ಅವನ ಆಕ್ಷೇಪಣೆ. ಇದಕ್ಕೆ ಅವನು ಕೊಡುವ ಕಾರಣ ಕುತೂಹಲಕರವಾಗಿದೆ: ಅಲ್ಲಿನ ಸಾಮಾನ್ಯ ಪೌರರ ಉಡುಪು ಗುಲಾಮರ ಮತ್ತು ನೆಲೆಸಿದ ಪರದೇಶೀಯರ ಉಡುಪಿಗಿಂತ ಉತ್ತಮವಾಗಿಲ್ಲ, ಆದ್ದರಿಂದ ಗುಲಾಮನೆಂದು ಭಾವಿಸಿ ಪೌರನನ್ನೇ ಹೊಡೆಯುವ ಸಂಭವವಿದೆ. ಮಾತಿನಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಐದನೆಯ ಶತಮಾನದ ಕೊನೆಯ ಭಾಗದ ಎರೆಕ್ಥಿಯಮ್ ದೇವಾಲಯದ ಕಟ್ಟಡದ ಲೆಕ್ಕಪತ್ರಗಳು ಇದಕ್ಕೆ ಹೊಂದುವ ಚಿತ್ರವನ್ನೇ ಕೊಡುತ್ತವೆ. ಅಲ್ಲಿ ಪೌರ, ಪರದೇಶೀಯ, ಗುಲಾಮ ಮೂವರೂ ಒಂದೇ ಕೆಲಸವನ್ನು ದಿನಕ್ಕೆ ಸುಮಾರು ಒಂದು ಡ್ರಾಕ್ಮದ ಒಂದೇ ದರದಲ್ಲಿ ಮಾಡಿದ್ದಾರೆ. ಕಾನೂನಿನ ದೃಷ್ಟಿಯಿಂದ ಪೌರತ್ವದ ಗಡಿ ಕಠಿಣವಾಗಿತ್ತು. ಕ್ರಿ.ಪೂ. 451ರ ಪೆರಿಕ್ಲೀಸನ ಶಾಸನದಂತೆ ತಂದೆತಾಯಿಗಳಿಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗನು ಪೌರನಾಗುತ್ತಿದ್ದನು. ಹೀಗೆ ಕಾನೂನು ಸ್ಪಷ್ಟವಾಗಿದ್ದು, ಕಣ್ಣಿಗೆ ಕಾಣುವ ಗುರುತು ಅಸ್ಪಷ್ಟವಾಗಿದ್ದ ನಗರದಲ್ಲಿ ವಿನೋದನಾಟಕವು ವೇಷವನ್ನು ಹಾಕಿ, ಬದಲಿಸಿ, ಕಳಚಿ ತೋರಿಸಿತು.

ಆಕರಗಳು

ನಗರ ಡಯೊನಿಸಿಯ ಉತ್ಸವದಲ್ಲಿ ವಿನೋದನಾಟಕ ಸ್ಪರ್ಧೆ ಅಧಿಕೃತವಾಗಿ ಆರಂಭವಾದದ್ದು ಕ್ರಿ.ಪೂ. 486ರಲ್ಲಿ. ಆದರೆ ಇಂದು ಪೂರ್ಣವಾಗಿ ದೊರೆಯುವ ಹಳೆಯ ವಿನೋದನಾಟಕಗಳೆಲ್ಲವೂ ಅರಿಸ್ಟೋಫನೀಸನವು. ಅವುಗಳ ಸಂಖ್ಯೆ 11. ಹಸ್ತಪ್ರತಿಗಳಲ್ಲಿ ರಂಗಸೂಚನೆಗಳು ಇಲ್ಲವೆನ್ನುವಷ್ಟು ಕಡಿಮೆ. ಪಾತ್ರಗಳು ಪರಸ್ಪರರ ಉಡುಪಿನ ಬಗ್ಗೆ ಆಡುವ ಮಾತುಗಳೇ ಮೊದಲ ಆಕರ. ಕ್ರಿ.ಶ. ಎರಡನೆಯ ಶತಮಾನದ ಪೊಲಕ್ಸ್ ತನ್ನ ಪದಕೋಶದಲ್ಲಿ ರಂಗದ ಉಡುಪು ಮತ್ತು ಮುಖವಾಡಗಳನ್ನು ಪಟ್ಟಿ ಮಾಡಿದ್ದಾನೆ. ಅವನು ಅರಿಸ್ಟೋಫನೀಸನಿಗಿಂತ ಐದು ಶತಮಾನಗಳಿಗೂ ಹೆಚ್ಚು ಈಚಿನವನಾದ್ದರಿಂದ ಅವನ ಮಾತನ್ನು ಎಚ್ಚರಿಕೆಯಿಂದ ಬಳಸಬೇಕಾಗುತ್ತದೆ.

ಮೂರನೆಯದು ಪುರಾತತ್ತ್ವದ ಆಕರ. ಅಥೆನ್ಸಿನ ಸುಟ್ಟ ಮಣ್ಣಿನ ನಟಮೂರ್ತಿಗಳು, ದಕ್ಷಿಣ ಇಟಲಿಯ ಗ್ರೀಕ್ ವಸಾಹತುಗಳಲ್ಲಿ ನಾಲ್ಕನೆಯ ಶತಮಾನದಲ್ಲಿ ತಯಾರಾದ ಚಿತ್ರಿತ ಮಡಕೆಗಳು ಇದರಲ್ಲಿ ಮುಖ್ಯವಾದವು. ಈ ಮಡಕೆಗಳು ಸ್ಥಳೀಯ ‘ಫ್ಲಯಾಕ್ಸ್’ ಪ್ರಹಸನಗಳನ್ನು ತೋರಿಸುತ್ತವೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ವುರ್ಟ್ಸ್‌ಬುರ್ಗ್ ಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಪೂ. 370ರ ಅಪುಲಿಯದ ಮಡಕೆಯೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ಹೆಂಗಸಿನ ಉಡುಪು ತೊಟ್ಟ ಗಂಡಸೊಬ್ಬ ಬಲಿಪೀಠದ ಮೇಲೆ ಮೊಣಕಾಲೂರಿ, ಪುಟ್ಟ ಪಾದರಕ್ಷೆ ತೊಡಿಸಿದ ದ್ರಾಕ್ಷಾರಸದ ತೊಗಲಚೀಲವನ್ನು ಮಗುವಿನಂತೆ ಹಿಡಿದಿದ್ದಾನೆ. ಇದು ಕ್ರಿ.ಪೂ. 411ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶಿತವಾದ ಅರಿಸ್ಟೋಫನೀಸನ ‘ಥೆಸ್ಮೊಫೋರಿಯ ಹಬ್ಬದ ಹೆಂಗಸರು’ ನಾಟಕದ ದೃಶ್ಯವೆಂದು ಎರಿಕ್ ಚಾಪೊ ಮತ್ತು ಆಲಿವರ್ ಟ್ಯಾಪ್ಲಿನ್ 1980ರ ದಶಕದಲ್ಲಿ ಬೇರೆ ಬೇರೆಯಾಗಿಯೇ ಗುರುತಿಸಿದರು. ಅಂದಿನಿಂದ ದಕ್ಷಿಣ ಇಟಲಿಯ ಮಡಕೆಗಳು ಅಥೆನ್ಸಿನ ನಾಟಕದ ವೇಷಕ್ಕೂ ಸಾಕ್ಷ್ಯವಾದವು. ಲಾರಾ ಸ್ಟೋನ್ (1981), ಗ್ವೆಂಡೊಲಿನ್ ಕಾಂಪ್ಟನ್-ಎಂಗಲ್ (2015) ಮೊದಲಾದವರ ಅಧ್ಯಯನಗಳು ವೇಷಭೂಷಣವನ್ನೇ ಸ್ವತಂತ್ರ ವಿಷಯವನ್ನಾಗಿಸಿದವು.

ಎರಡು ಪದರಗಳ ವೇಷ

ನಟರೆಲ್ಲರೂ ಗಂಡಸರು, ಎಲ್ಲರಿಗೂ ಮುಖವಾಡವುಂಟು. ಮೈಗೆ ಬಿಗಿಯಾಗಿ ಅಂಟಿಕೊಳ್ಳುವ ಒಳ ಉಡುಪಿನೊಳಗೆ ಹೊಟ್ಟೆ ಮತ್ತು ಪೃಷ್ಠದ ಭಾಗಗಳಿಗೆ ಮೆತ್ತೆ ತುಂಬಿರುತ್ತಿದ್ದರು. ಮಡಕೆಗಳ ಮೇಲೆ ಈ ಉಡುಪಿನ ಸುಕ್ಕು, ಮಣಿಕಟ್ಟು ಮತ್ತು ಕಾಲ್ಗಂಟಿನ ಅಂಚುಗಳು ಸ್ಪಷ್ಟವಾಗಿ ಕಾಣುತ್ತವೆ. ಪುರುಷ ಪಾತ್ರಗಳಿಗೆ ತೊಗಲಿನ ಲಿಂಗವನ್ನು ಜೋಡಿಸುತ್ತಿದ್ದರು. ಮೇಲಿನ ಅಂಗಿ ಗಿಡ್ಡವಾದ್ದರಿಂದ ಅದು ಕಾಣುತ್ತಿತ್ತು. ‘ಮೋಡಗಳು’ ನಾಟಕದ ಈಗಿನ ಪಾಠದಲ್ಲಿ ಕವಿಯು ತನ್ನ ನಾಟಕ ಹುಡುಗರನ್ನು ನಗಿಸಲು ಅಂಥ ತೊಗಲನ್ನು ಕಟ್ಟಿಕೊಂಡು ಬಂದಿಲ್ಲವೆಂದು ಹೇಳಿಕೊಳ್ಳುತ್ತಾನೆ. ಈ ಮಾತಿನ ಆಧಾರದಿಂದ 1950ರ ದಶಕದಲ್ಲಿ ಬೇರ್ ಮತ್ತು ವೆಬ್‌ಸ್ಟರ್ ಎಂಬ ವಿದ್ವಾಂಸರ ನಡುವೆ ದೀರ್ಘ ಚರ್ಚೆ ನಡೆಯಿತು. ಅದು ಪುರುಷ ಪಾತ್ರಗಳ ಸಾಮಾನ್ಯ ವೇಷವೇ ಆಗಿತ್ತೆಂಬ ಅಭಿಪ್ರಾಯ ಇಂದು ಬಹುಮಟ್ಟಿಗೆ ಒಪ್ಪಿತವಾಗಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಈ ಒಳವೇಷವು ಯಾವುದೇ ಒಂದು ವರ್ಗದ ಗುರುತಲ್ಲ. ಗುಲಾಮ, ರೈತ, ಸೇನಾಪತಿ, ದೇವರು ಎಲ್ಲರಿಗೂ ಇರುವುದು ಅದೇ ಉಬ್ಬಿದ ಹೊಟ್ಟೆ, ಅದೇ ಪೃಷ್ಠ. ವ್ಯಾಟಿಕನ್ನಿನಲ್ಲಿರುವ, ಆಸ್ಟಿಯಾಸ್ ಚಿತ್ರಿಸಿದ ಮಡಕೆಯಲ್ಲಿ ಹೆಂಗಸೊಬ್ಬಳ ಕಿಟಕಿಯ ಕೆಳಗೆ ಏಣಿ ಹೊತ್ತು ಬಂದ ಜ್ಯೂಸ್ ದೇವನಿಗೂ, ದೀಪ ಹಿಡಿದ ಹರ್ಮಿಸ್ ದೇವನಿಗೂ ಇರುವುದು ಇದೇ ದೇಹ. ಶಿಲ್ಪಗಳಲ್ಲಿ ಪೌರನ ದೇಹ ವ್ಯಾಯಾಮಶಾಲೆಯಲ್ಲಿ ಪಳಗಿದ ಸುಂದರ ನಗ್ನದೇಹ. ವಿನೋದನಾಟಕದಲ್ಲಿ ಅದು ಎಲ್ಲರಿಗೂ ಸಮಾನವಾದ ಕುರೂಪ. ವಿನೋದನಾಟಕದ ಮುಖವಾಡ ವಿಕಾರವಾಗಿದ್ದರೂ ನೋವನ್ನು ಸೂಚಿಸುವುದಿಲ್ಲವೆಂದು ಅರಿಸ್ಟಾಟಲನು ‘ಕಾವ್ಯಮೀಮಾಂಸೆ’ಯಲ್ಲಿ ಹೇಳಿರುವುದು ಈ ದೇಹಕ್ಕೂ ಸಲ್ಲುತ್ತದೆ. ಪಾತ್ರ ಯಾರೆಂಬುದನ್ನು ತಿಳಿಸುವುದು ಇದರ ಮೇಲಿನ ಎರಡನೆಯ ಪದರ: ಮೇಲುಹೊದಿಕೆ, ಪಾದರಕ್ಷೆ, ಕೋಲು, ಗಡ್ಡ, ಸಿಂಹಚರ್ಮ. ಈ ಪದರವನ್ನು ಕೊಡಬಹುದು, ಕೇಳಬಹುದು, ಕಸಿಯಬಹುದು.

ಮೇಳದ ವೇಷ ಮತ್ತು ನಗರದ ವೆಚ್ಚ

ವಿನೋದನಾಟಕದ ಮೇಳದಲ್ಲಿ 24 ಮಂದಿ ಇರುತ್ತಿದ್ದರು. ಮನುಷ್ಯರು ಪ್ರಾಣಿಪಕ್ಷಿಗಳ ವೇಷ ಧರಿಸಿ ಕೊಳಲಿನವನ ಮುಂದೆ ಕುಣಿಯುವ ಚಿತ್ರಗಳು ಆರನೆಯ ಶತಮಾನದ ಮಡಕೆಗಳಲ್ಲೇ ಇವೆ. ಬರ್ಲಿನ್ನಿನಲ್ಲಿರುವ ಒಂದು ಮಡಕೆಯಲ್ಲಿ ಸವಾರರು ಕುದುರೆಯ ವೇಷ ಹಾಕಿದ ಮನುಷ್ಯರ ಮೇಲೆ ಕುಳಿತಿದ್ದಾರೆ. ‘ಕಣಜಗಳು’ ನಾಟಕದ (ಕ್ರಿ.ಪೂ. 422) ಮುದಿ ನ್ಯಾಯದರ್ಶಿಗಳಿಗೆ ಕೊಂಡಿ, ‘ಹಕ್ಕಿಗಳು’ ನಾಟಕದ (ಕ್ರಿ.ಪೂ. 414) 24 ಮಂದಿಗೂ ಒಂದೊಂದು ಜಾತಿಯ ಹಕ್ಕಿಯ ಹೆಸರು, ಇವು ಆ ಪರಂಪರೆಯ ಮುಂದುವರಿಕೆ.

ಮೇಳದ ವೆಚ್ಚವನ್ನು ವಹಿಸುತ್ತಿದ್ದವನು ‘ಕೊರೇಗಸ್’ ಎಂಬ ಶ್ರೀಮಂತ. ಲಿಸಿಯಾಸನ ಭಾಷಣವೊಂದರಲ್ಲಿ ಆಪಾದಿತನು ತಾನು ಕ್ರಿ.ಪೂ. 402ರಲ್ಲಿ ಕೆಫಿಸೊಡೋರಸನ ವಿನೋದನಾಟಕಕ್ಕೆ ವೆಚ್ಚ ವಹಿಸಿ ಗೆದ್ದುದಾಗಿಯೂ, ವೇಷಭೂಷಣಗಳನ್ನು ದೇವರಿಗೆ ಒಪ್ಪಿಸಿದ್ದೂ ಸೇರಿ 16 ಮಿನಾ, ಅಂದರೆ 1600 ಡ್ರಾಕ್ಮ, ಖರ್ಚಾಯಿತೆಂದೂ ಹೇಳುತ್ತಾನೆ. ಎರೆಕ್ಥಿಯಮ್ ಕೆಲಸಗಾರನ ಲೆಕ್ಕದಲ್ಲಿ ಇದು 1600 ದಿನಗಳ ಕೂಲಿ. ವೇಷವು ಪ್ರದರ್ಶನದ ನಂತರ ದೇವರ ಸೊತ್ತಾಗುತ್ತಿತ್ತು ಮತ್ತು ನ್ಯಾಯಾಲಯದಲ್ಲಿ ನಾಗರಿಕ ನಿಷ್ಠೆಯ ಪುರಾವೆಯಾಗಿಯೂ ಬಳಕೆಯಾಗುತ್ತಿತ್ತು. ಅತಿಯಾದ ವೆಚ್ಚಕ್ಕೆ ನಿಂದೆಯೂ ಇತ್ತು: ವಿನೋದನಾಟಕದ ಮೇಳವನ್ನು ಮೆಗರದವರಂತೆ ಕೆನ್ನೀಲಿ ಬಟ್ಟೆಯಲ್ಲಿ ರಂಗಕ್ಕೆ ತರುವುದನ್ನು ಅರಿಸ್ಟಾಟಲನು ತನ್ನ ನೀತಿಶಾಸ್ತ್ರ ಗ್ರಂಥದಲ್ಲಿ ಅಸಭ್ಯ ಆಡಂಬರದ ಉದಾಹರಣೆಯಾಗಿ ಕೊಡುತ್ತಾನೆ. ಯುದ್ಧದಿಂದ ನಗರ ಬಡವಾದಾಗ ವೇಷವೂ ಬಡವಾಯಿತು. ‘ಕಪ್ಪೆಗಳು’ ನಾಟಕದ (ಕ್ರಿ.ಪೂ. 405) ದೀಕ್ಷಿತರ ಮೇಳವು ತನ್ನ ಹರಿದ ಬಟ್ಟೆ ಮತ್ತು ಪಾದರಕ್ಷೆಗಳನ್ನು ನಗುವಿಗೂ ಮಿತವ್ಯಯಕ್ಕೂ ಹೊಂದಿಸಿ ಹಾಡುತ್ತದೆ. ಆ ವರ್ಷ ಒಂದು ಮೇಳದ ವೆಚ್ಚವನ್ನು ಇಬ್ಬರು ಹಂಚಿಕೊಳ್ಳುವ ವ್ಯವಸ್ಥೆ ಬಂದಿತೆಂದು ಪ್ರಾಚೀನ ವ್ಯಾಖ್ಯಾನವೊಂದು ತಿಳಿಸುತ್ತದೆ.

ಎರವಲು ತಂದ ಚಿಂದಿ

ವೇಷದ ಎರಡನೆಯ ಪದರವನ್ನು ಅರಿಸ್ಟೋಫನೀಸನು ರಾಜಕೀಯ ವಾದಕ್ಕೆ ಬಳಸಿದ ಮೊದಲ ಉದಾಹರಣೆ ಕ್ರಿ.ಪೂ. 425ರ ‘ಅಕಾರ್ನಿಯದವರು’. ಸ್ಪಾರ್ಟದೊಡನೆ ಒಬ್ಬಂಟಿಯಾಗಿ ಸಂಧಿ ಮಾಡಿಕೊಂಡ ರೈತ ಡಿಕಯೊಪೊಲಿಸನು, ರೊಚ್ಚಿಗೆದ್ದ ಇದ್ದಿಲು ಸುಡುವವರ ಮೇಳದ ಮುಂದೆ ತಲೆಯನ್ನು ಪಣವಾಗಿಟ್ಟು ಮಾತನಾಡಬೇಕಾಗುತ್ತದೆ. ಅದಕ್ಕೆ ಮೊದಲು ಅವನು ಯೂರಿಪಿಡೀಸನ ಮನೆಗೆ ಹೋಗಿ, ಕ್ರಿ.ಪೂ. 438ರಲ್ಲಿ ಪ್ರದರ್ಶಿತವಾದ ‘ಟೆಲಿಫಸ್’ ನಾಟಕದ ನಾಯಕನ ಚಿಂದಿಯನ್ನು ಬೇಡುತ್ತಾನೆ. ಬಳಿಕ ಟೋಪಿ, ಕೋಲು, ಬುಟ್ಟಿ, ಒಡಕು ಬಟ್ಟಲು ಎಂದು ಒಂದೊಂದನ್ನೇ ಕೇಳುತ್ತಾ ಹೋಗುತ್ತಾನೆ. ತನ್ನ ನಾಟಕವೇ ಖಾಲಿಯಾಗುತ್ತಿದೆಯೆಂದು ಯೂರಿಪಿಡೀಸನು ಗೋಳಾಡುತ್ತಾನೆ. ಟೆಲಿಫಸನು ಭಿಕ್ಷುಕನ ವೇಷ ಹಾಕಿದ ರಾಜ; ಡಿಕಯೊಪೊಲಿಸನು ಆ ರಾಜನ ವೇಷವನ್ನು ಹಾಕಿದ ಸಾಮಾನ್ಯ. ತಾನು ಯಾರೆಂದು ಪ್ರೇಕ್ಷಕರಿಗೆ ತಿಳಿದಿರಬೇಕು, ಮೇಳಕ್ಕೆ ತಿಳಿಯಬಾರದು ಎಂದು ಅವನು ಬಹಿರಂಗವಾಗಿ ಹೇಳುತ್ತಾನೆ. ವೇಷ ಇಲ್ಲಿ ಪ್ರೇಕ್ಷಕರನ್ನು ಮೋಸಗೊಳಿಸುವುದಿಲ್ಲ. ಬಟ್ಟೆಯನ್ನು ನೋಡಿ ಮಾತಿನ ಬೆಲೆ ಕಟ್ಟುವ ಸಭೆಯ ಸ್ವಭಾವವನ್ನು ಅವರ ಮುಂದಿಡುತ್ತದೆ.

ಅದೇ ನಾಟಕದಲ್ಲಿ ಹಸಿವಿನಿಂದ ಕಂಗೆಟ್ಟ ಮೆಗರದ ಒಬ್ಬನು ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಗೊರಸು ಮತ್ತು ಮೂತಿ ಕಟ್ಟಿ, ಹಂದಿಮರಿಗಳೆಂದು ಚೀಲದಲ್ಲಿ ತಂದು ಮಾರುತ್ತಾನೆ. ಅಶ್ಲೀಲ ಶ್ಲೇಷೆಗಳಿಂದ ತುಂಬಿದ ಈ ದೃಶ್ಯದ ಹಿಂದಿರುವುದು ಅಥೆನ್ಸ್ ಮೆಗರದ ಮೇಲೆ ಹೇರಿದ್ದ ವ್ಯಾಪಾರ ನಿಷೇಧ ಮತ್ತು ಯುದ್ಧ. ಒಂದು ವೇಷದ ಬದಲಾವಣೆಯಿಂದ ಮನುಷ್ಯರು ಸರಕಾಗುವುದನ್ನು ನಾಟಕ ನಗುತ್ತಲೇ ತೋರಿಸುತ್ತದೆ. ಮುಂದಿನ ವರ್ಷದ ‘ಅಶ್ವಾರೋಹಿಗಳು’ ನಾಟಕದಲ್ಲಿ ವೇಷದ ಅಭಾವವೇ ಅರ್ಥಪೂರ್ಣವಾಗುತ್ತದೆ. ಪ್ರಬಲ ನಾಯಕ ಕ್ಲಿಯೋನನನ್ನು ಹೋಲುವ ಮುಖವಾಡವನ್ನು ಮಾಡಲು ಯಾವ ಕುಶಲಕರ್ಮಿಯೂ ಹೆದರಿಕೆಯಿಂದ ಒಪ್ಪಲಿಲ್ಲ, ಆದರೂ ಬುದ್ಧಿವಂತ ಪ್ರೇಕ್ಷಕರು ಅವನನ್ನು ಗುರುತಿಸುವರು ಎಂದು ಒಂದು ಪಾತ್ರ ಹೇಳುತ್ತದೆ. ಇದು ನಿಜವೋ ವಿನೋದವೋ, ಅಧಿಕಾರದ ಭಯ ಮುಖವಾಡ ಮಾಡುವವನ ಅಂಗಡಿಯವರೆಗೂ ಮುಟ್ಟುತ್ತದೆಂಬ ಸೂಚನೆ ಸ್ಪಷ್ಟವಾಗಿದೆ.

ಒಡೆಯನೂ ಆಳೂ

ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗುವುದು ‘ಕಪ್ಪೆಗಳು’ ನಾಟಕದಲ್ಲಿ. ಕ್ರಿ.ಪೂ. 406ರ ಅರ್ಗಿನೂಸಿಯ ನೌಕಾಯುದ್ಧದಲ್ಲಿ ಹುಟ್ಟು ಹಾಕಿದ ಗುಲಾಮರಿಗೆ ಅಥೆನ್ಸ್ ಬಿಡುಗಡೆಯನ್ನೂ, ಹಿಂದೆ ಪ್ಲಟೀಯದವರಿಗೆ ಕೊಟ್ಟಿದ್ದಂಥ ಪೌರತ್ವವನ್ನೂ ಕೊಟ್ಟಿತು. ಕೆಲವೇ ತಿಂಗಳುಗಳ ನಂತರ, ಕ್ರಿ.ಪೂ. 405ರ ಲೆನಾಯ ಉತ್ಸವದಲ್ಲಿ ಈ ನಾಟಕ ಪ್ರದರ್ಶಿತವಾಯಿತು. ನಿನ್ನೆಯವರೆಗೆ ಗುಲಾಮರಾಗಿದ್ದವರು ಈಗ ಪೌರರು.

ನಾಟಕ ಆರಂಭವಾಗುವುದೇ ಹೊಂದಿಕೆಯಾಗದ ವೇಷದಿಂದ. ಡಯೊನಿಸಸ್ ದೇವನು ಕೇಸರಿ ಬಣ್ಣದ ಮೃದುವಾದ ಅಂಗಿಯ ಮೇಲೆ ಹೆರಕ್ಲಿಸನ ಸಿಂಹಚರ್ಮ ಹೊದ್ದು, ಕಾಲಿಗೆ ನಾಜೂಕಿನ ಬೂಟು, ಕೈಗೆ ಗದೆ ಧರಿಸಿದ್ದಾನೆ. ಅದನ್ನು ಕಂಡ ಹೆರಕ್ಲಿಸನಿಗೆ ನಗು ತಡೆಯಲಾಗುವುದಿಲ್ಲ. ಜತೆಗಿರುವ ಗುಲಾಮ ಕ್ಸಾಂಥಿಯಾಸನಿಗೆ ತಾನು ಆ ನೌಕಾಯುದ್ಧದಲ್ಲಿ ಹೋರಾಡಲಿಲ್ಲವಲ್ಲ ಎಂಬ ಕೊರಗು. ಸತ್ತವರ ಸರೋವರವನ್ನು ದಾಟಿಸುವ ಕ್ಯಾರನ್ ಸಹ ಆ ಯುದ್ಧದಲ್ಲಿ ಹೋರಾಡದ ಗುಲಾಮನನ್ನು ದೋಣಿಗೆ ಹತ್ತಿಸಿಕೊಳ್ಳುವುದಿಲ್ಲ. ಕಣ್ಣುಬೇನೆಯಿತ್ತೆಂದು ನೆವ ಹೇಳಿದ ಕ್ಸಾಂಥಿಯಾಸನು ಸುತ್ತುಬಳಸಿ ನಡೆದು ಹೋಗಬೇಕಾಗುತ್ತದೆ.

ಪಾತಾಳದ ದ್ವಾರಪಾಲಕನು ಹೆರಕ್ಲಿಸನೆಂದು ಭ್ರಮಿಸಿ ಬೆದರಿಸಿದಾಗ ದೇವನು ಸಿಂಹಚರ್ಮವನ್ನು ಆಳಿಗೆ ಹೊದಿಸುತ್ತಾನೆ. ಒಡನೆಯೇ ದಾಸಿಯೊಬ್ಬಳು ಬಂದು ಹೆರಕ್ಲಿಸನನ್ನು ಔತಣಕ್ಕೆ ಕರೆಯುತ್ತಾಳೆ. ಒಡೆಯನು ಚರ್ಮವನ್ನು ಹಿಂದಕ್ಕೆ ಕಿತ್ತುಕೊಳ್ಳುತ್ತಾನೆ. ಹೆರಕ್ಲಿಸನು ಹಿಂದೆ ತಿಂದು ಹಣ ಕೊಡದೆ ಹೋದ ಊಟದ ಮನೆಯ ಹೆಂಗಸರು ಬಂದಾಗ ಚರ್ಮವು ಪುನಃ ಆಳಿನ ಹೆಗಲೇರುತ್ತದೆ. ಕೊನೆಗೆ ದ್ವಾರಪಾಲಕನು ಬಂಧಿಸಲು ಬಂದಾಗ, ಹೆರಕ್ಲಿಸನ ವೇಷದಲ್ಲಿರುವ ಕ್ಸಾಂಥಿಯಾಸನು ನಿಜವಾದ ಒಡೆಯನನ್ನೇ ಗುಲಾಮನೆಂದು ತೋರಿಸಿ, ಅವನನ್ನು ಹಿಂಸಿಸಿ ಸತ್ಯ ಹೇಳಿಸಬಹುದೆಂದು ಒಪ್ಪಿಸುತ್ತಾನೆ. ಗುಲಾಮನ ಸಾಕ್ಷ್ಯವನ್ನು ಹಿಂಸೆಯ ಮೂಲಕ ಪಡೆಯುವುದು ಅಥೆನ್ಸಿನ ಕಾನೂನಿನ ಕ್ರಮವೇ ಆಗಿತ್ತು. ಡಯೊನಿಸಸ್ ತಾನು ದೇವರೆನ್ನುತ್ತಾನೆ. ಯಾರು ದೇವರೆಂದು ತಿಳಿಯಲು ಇಬ್ಬರ ಬಟ್ಟೆಯನ್ನೂ ಕಳಚಿಸಿ ಸಮನಾಗಿ ಚಾಟಿಯೇಟು ಕೊಡುತ್ತಾರೆ. ದ್ವಾರಪಾಲಕನಿಗೆ ಗುರುತು ಹತ್ತುವುದಿಲ್ಲ. ಪ್ಲೂಟೊ ಮತ್ತು ಪರ್ಸೆಫನಿ ದೇವತೆಗಳೇ ತೀರ್ಮಾನಿಸಲಿ ಎಂದು ಇಬ್ಬರನ್ನೂ ಒಳಗೆ ಕರೆದೊಯ್ಯುತ್ತಾನೆ. ಮೇಲೆ ವಿವರಿಸಿದ ರಂಗಪದ್ಧತಿಯನ್ನು ನೆನೆದರೆ, ಬಟ್ಟೆ ಕಳಚಿದ ಮೇಲೆ ಪ್ರೇಕ್ಷಕರು ಕಂಡದ್ದು ಮೆತ್ತೆ ತುಂಬಿದ ಒಂದೇ ಬಗೆಯ ಎರಡು ದೇಹಗಳನ್ನು ಎಂದು ಊಹಿಸಬಹುದು. ಗುಲಾಮನನ್ನು ಪೌರನಿಂದ ಬೇರ್ಪಡಿಸಲಾಗದೆಂದು ಆ ಅಜ್ಞಾತ ಗ್ರಂಥಕರ್ತನು ದೂರಿದ್ದನ್ನು ಅರಿಸ್ಟೋಫನೀಸನು ದೇವರವರೆಗೂ ವಿಸ್ತರಿಸಿದ್ದಾನೆ.

ಈ ದೃಶ್ಯದ ಬೆನ್ನಿಗೇ ಮೇಳವು ಪ್ರೇಕ್ಷಕರನ್ನು ನೇರವಾಗಿ ಉದ್ದೇಶಿಸಿ ಹಾಡುವ ‘ಪರಾಬಾಸಿಸ್’ ಬರುತ್ತದೆ. ಒಂದು ಯುದ್ಧದಲ್ಲಿ ಹೋರಾಡಿದ ಗುಲಾಮರನ್ನು ಪೌರರನ್ನಾಗಿ ಮಾಡಿದ್ದು ಸರಿಯೇ. ಹಾಗಿರುವಾಗ ರಾಜಕೀಯ ತಪ್ಪಿಗಾಗಿ ಹಕ್ಕು ಕಳೆದುಕೊಂಡ ಹಳೆಯ ಪೌರರನ್ನೂ ಕ್ಷಮಿಸಬೇಕು ಎಂಬುದು ಅಲ್ಲಿನ ಸಲಹೆ. ಈ ಭಾಗಕ್ಕಾಗಿಯೇ ನಾಟಕಕ್ಕೆ ಮರುಪ್ರದರ್ಶನದ ಅಪರೂಪದ ಗೌರವ ದೊರೆಯಿತೆಂದು ಪ್ರಾಚೀನ ಪೀಠಿಕೆ ಹೇಳುತ್ತದೆ. ಅದೇ ವರ್ಷ ಪ್ಯಾಟ್ರೊಕ್ಲೈಡಿಸನ ನಿರ್ಣಯದ ಮೂಲಕ ಹಕ್ಕುಗಳನ್ನು ಹಿಂದಿರುಗಿಸಲಾಯಿತು. ನಾಟಕವೇ ಇದಕ್ಕೆ ಕಾರಣವೆನ್ನಲಾಗದು. ಆದರೆ ವೇಷ ಬದಲಾವಣೆಯ ದೃಶ್ಯವೂ ಪರಾಬಾಸಿಸ್ಸಿನ ಸಲಹೆಯೂ ಒಂದೇ ಪ್ರಶ್ನೆಯ ಎರಡು ರೂಪಗಳೆಂಬುದು ಗಮನಾರ್ಹ.

ಗಡ್ಡ ಕಟ್ಟಿಕೊಂಡ ಹೆಂಗಸರು

ಸ್ತ್ರೀಪುರುಷ ಭೇದವನ್ನೂ ಈ ನಾಟಕಗಳು ಬಟ್ಟೆಯಿಂದಲೇ ಪರೀಕ್ಷಿಸಿದವು. ‘ಥೆಸ್ಮೊಫೋರಿಯ ಹಬ್ಬದ ಹೆಂಗಸರು’ ನಾಟಕದಲ್ಲಿ ಯೂರಿಪಿಡೀಸನ ಬಂಧುವಿನ ಗಡ್ಡವನ್ನು ರಂಗದ ಮೇಲೆಯೇ ಬೋಳಿಸಿ, ಅಗಾಥೋನ್ ಕವಿಯಿಂದ ಎರವಲು ಪಡೆದ ಹೆಂಗಸಿನ ಉಡುಪನ್ನು ತೊಡಿಸುತ್ತಾರೆ. ಹೆಂಗಸರ ಸಭೆಯಲ್ಲಿ ಸಿಕ್ಕಿಬಿದ್ದಾಗ ಅವನ ಬಟ್ಟೆ ಕಳಚಲಾಗುತ್ತದೆ. ಅವನು ಹಿಂದಕ್ಕೂ ಮುಂದಕ್ಕೂ ಮರೆಮಾಚುವ ತೊಗಲಿನ ಲಿಂಗವೇ ಸಾಕ್ಷಿ. ವಿಡಂಬನೆಯೆಂದರೆ ಆ ಸಾಕ್ಷಿಯೂ ವೇಷದ ಒಂದು ಭಾಗವೇ.

ಸುಮಾರು ಕ್ರಿ.ಪೂ. 391ರ ‘ಸಭೆ ಸೇರಿದ ಹೆಂಗಸರು’ ಇನ್ನೂ ಮುಂದೆ ಹೋಗುತ್ತದೆ. ಪ್ರಕ್ಸಗೋರಳ ನೇತೃತ್ವದಲ್ಲಿ ಹೆಂಗಸರು ಗಂಡಂದಿರ ಮೇಲುಹೊದಿಕೆ, ಲಕೋನಿಯದ ಪಾದರಕ್ಷೆ, ಕೋಲುಗಳನ್ನು ಕದ್ದು, ಗಡ್ಡ ಕಟ್ಟಿಕೊಂಡು ನಸುಕಿನಲ್ಲೇ ಪೌರಸಭೆಗೆ ಹೋಗುತ್ತಾರೆ. ಇತ್ತ ಗಂಡ ಬ್ಲೆಪೈರಸನು ಹೆಂಡತಿಯ ಅಂಗಿ, ಹೆಂಡತಿಯ ಚಪ್ಪಲಿ ತೊಟ್ಟು ಮನೆಯ ಹೊರಗೆ ಬರಬೇಕಾಗುತ್ತದೆ. ಸಭೆಗೆ ಹಾಜರಾದವರಿಗೆ ಸಿಗುವ ಮೂರು ಒಬೊಲ್ ಭತ್ಯೆಯೂ ಅವನಿಗೆ ತಪ್ಪುತ್ತದೆ. ಸಭೆಯಲ್ಲಿ ಕಂಡ ಬಿಳಿಚಿದ ಮುಖಗಳು ನೆರಳಲ್ಲೇ ಕೂತು ದುಡಿಯುವ ಚಮ್ಮಾರರವಿರಬೇಕೆಂದು ಅವನ ನೆರೆಯವನು ವರದಿ ಮಾಡುತ್ತಾನೆ. ಅಧಿಕಾರ ಹೆಂಗಸರಿಗೆ ವರ್ಗವಾಗುತ್ತದೆ. ಹೊದಿಕೆ, ಕೋಲು, ಗಡ್ಡ ಇಷ್ಟಿದ್ದರೆ ಪೌರ. ಅವು ಕಳೆದುಹೋದರೆ ಪೌರನೂ ಮನೆಯೊಳಗಿನವನು.

ಮೆನಾಂಡರನ ಕಾಲ

ನಾಲ್ಕನೆಯ ಶತಮಾನದ ಕೊನೆಯ ವೇಳೆಗೆ ಮೆತ್ತೆಯ ದೇಹವೂ ತೊಗಲಿನ ಲಿಂಗವೂ ರಂಗದಿಂದ ಮರೆಯಾದವು. ಹೊಸ ವಿನೋದನಾಟಕದ ಪಾತ್ರಗಳು ನಿತ್ಯಜೀವನದ ಉದ್ದನೆಯ ಉಡುಪನ್ನು ತೊಟ್ಟವು. ಪೊಲಕ್ಸನು ಈ ನಾಟಕದ 44 ಮುಖವಾಡಗಳನ್ನು ಹೆಸರಿಸುತ್ತಾನೆ: ಮುದುಕರವು 9, ತರುಣರವು 11, ಗುಲಾಮರವು 7, ಮುದುಕಿಯರವು 3, ತರುಣಿಯರವು 14. ಲಿಪಾರಿ ದ್ವೀಪದ ಸಮಾಧಿಗಳಲ್ಲಿ ದೊರೆತ ಸುಟ್ಟ ಮಣ್ಣಿನ ಪುಟ್ಟ ಮುಖವಾಡಗಳನ್ನು ಲುಯಿಜಿ ಬೆರ್ನಾಬೊ ಬ್ರೆಯ ಈ ಪಟ್ಟಿಯೊಡನೆ ಹೋಲಿಸಿ 1981ರಲ್ಲಿ ಪ್ರಕಟಿಸಿದರು. ವಿಕಾರ ಮುಖ ಗುಲಾಮರಂಥ ಪಾತ್ರಗಳಲ್ಲಿ ಉಳಿಯಿತು. ತರುಣ ಪೌರನ ಮುಖ ಸುಂದರವಾಯಿತು. ಎಲ್ಲರಿಗೂ ಸಮನಾಗಿದ್ದ ಕುರೂಪ ಈಗ ಕೆಲವರ ಪಾಲಿಗಷ್ಟೇ ಉಳಿಯಿತು.

ಮೆನಾಂಡರನ ‘ಮುಂಗೋಪಿ’ (ಕ್ರಿ.ಪೂ. 316) ನಾಟಕದಲ್ಲಿ ಶ್ರೀಮಂತ ತರುಣ ಸೊಸ್ಟ್ರಾಟಸನು ನಯವಾದ ಹೊದಿಕೆಯಲ್ಲಿ ಹೊಲಕ್ಕೆ ಬಂದರೆ ಮುದುಕ ಕ್ನೀಮೋನನು ಅವನನ್ನು ಸೋಮಾರಿಯೆಂದು ಕಡೆಗಣಿಸುತ್ತಾನೆಂಬ ಎಚ್ಚರಿಕೆ ಬರುತ್ತದೆ, ಅವನು ಗುದ್ದಲಿ ಹಿಡಿದು ಬಿಸಿಲಲ್ಲಿ ಅಗೆಯುತ್ತಾನೆ. ಆದರೆ ಇದರಿಂದ ಅವನ ಅಂತಸ್ತು ಬದಲಾಗುವುದಿಲ್ಲ. ‘ಪಂಚಾಯಿತಿ’ ನಾಟಕದಲ್ಲಿ ತೊರೆದ ಮಗುವಿನೊಡನೆ ಇಟ್ಟಿದ್ದ ಉಂಗುರ ಅದು ಯಾರ ಮಗುವೆಂದು ಸಾರುತ್ತದೆ. ಬಟ್ಟೆ ಮತ್ತು ಒಡವೆ ಇಲ್ಲಿ ಹುಟ್ಟನ್ನು ರುಜುವಾತುಪಡಿಸುತ್ತವೆ. ಅರಿಸ್ಟೋಫನೀಸನಲ್ಲಿ ಅವು ಹುಟ್ಟನ್ನು ಅನುಮಾನಕ್ಕೆ ಒಳಪಡಿಸುತ್ತಿದ್ದವು.

ಈ ಬದಲಾವಣೆಯ ಕಾಲದಲ್ಲೇ ಪೌರತ್ವವೂ ಕಿರಿದಾಯಿತು. ಕ್ರಿ.ಪೂ. 322ರಲ್ಲಿ ಮ್ಯಾಸಿಡೋನಿಯದ ಆಂಟಿಪೇಟರನು 2000 ಡ್ರಾಕ್ಮ ಆಸ್ತಿಯಿದ್ದವರಿಗೆ ಮಾತ್ರ ಪೂರ್ಣ ಪೌರತ್ವವನ್ನು ಮಿತಗೊಳಿಸಿದನು. ಕ್ರಿ.ಪೂ. 317ರಿಂದ 307ರವರೆಗೆ ಆಳಿದ ಫಲೇರಮ್ಮಿನ ಡಿಮಿಟ್ರಿಯಸನ ಕಾಲದಲ್ಲಿ ಈ ಮಿತಿ 1000 ಡ್ರಾಕ್ಮಕ್ಕೆ ಇಳಿಯಿತು. ಕೊರೇಗಸ್ ಪದ್ಧತಿಯೂ ಅದೇ ಕಾಲಘಟ್ಟದಲ್ಲಿ ಕೊನೆಗೊಂಡಿತೆಂಬುದು ಪ್ರಚಲಿತ ಅಭಿಪ್ರಾಯ. ವೇಷ ಸಭ್ಯವಾದದ್ದಕ್ಕೆ ಅಭಿರುಚಿಯ ಬದಲಾವಣೆ, ಅಥೆನ್ಸಿನ ಹೊರಗಿನ ಪ್ರೇಕ್ಷಕರು ಮುಂತಾದ ಇತರ ಕಾರಣಗಳೂ ಇದ್ದವು. ಆದರೂ ಯಾರು ಪೌರನೆಂಬ ಚರ್ಚೆ ಪೌರಸಭೆಯಲ್ಲಿ ಮುಗಿದ ಕಾಲದಲ್ಲೇ ರಂಗದ ಮೇಲೂ ಮುಗಿದದ್ದನ್ನು ಕೇವಲ ಆಕಸ್ಮಿಕವೆನ್ನುವುದು ಕಷ್ಟ.

ಸಮಾರೋಪ

ಹಳೆಯ ವಿನೋದನಾಟಕದ ಸಾಧನೆಯನ್ನು ಅತಿಯಾಗಿ ಹೊಗಳಬೇಕಾದುದಿಲ್ಲ. ಗಡ್ಡ ಕಟ್ಟಿದ ಹೆಂಗಸರ ಪಾತ್ರ ಮಾಡಿದವರು ಗಂಡಸರೇ; ಅಥೆನ್ಸಿನ ಹೆಂಗಸರಿಗೆ ಪೌರಸಭೆಯ ಬಾಗಿಲು ಎಂದೂ ತೆರೆಯಲಿಲ್ಲ. ಕ್ಸಾಂಥಿಯಾಸನು ಪಾತಾಳದಲ್ಲಿ ಒಡೆಯನ ಸಮನಾಗಿ ಏಟು ತಿಂದರೂ ಗುಲಾಮನಾಗಿಯೇ ಉಳಿಯುತ್ತಾನೆ. ಆದರೆ ಕಾನೂನು ಅಚಲವೆಂದು ಭಾವಿಸಿದ್ದ ಭೇದಗಳನ್ನು ಒಂದು ಸಿಂಹಚರ್ಮ, ಒಂದು ಜೊತೆ ಪಾದರಕ್ಷೆ, ಒಂದು ಕಟ್ಟುಗಡ್ಡದಿಂದ ಅಲುಗಾಡಿಸಬಹುದೆಂದು ಸಾವಿರಾರು ಪೌರರ ಮುಂದೆ, ನಗರದ ಶ್ರೀಮಂತರ ವೆಚ್ಚದಲ್ಲಿ, ದೇವರ ಉತ್ಸವದಲ್ಲೇ ತೋರಿಸಲಾಯಿತು. ಆದ್ದರಿಂದ ಆ ಮೆತ್ತೆಯ ಹೊಟ್ಟೆಯನ್ನೂ ತೊಗಲಿನ ಲಿಂಗವನ್ನೂ ಅಶ್ಲೀಲತೆಯ ಅವಶೇಷವೆಂದು ಬದಿಗಿಡುವ ಬದಲು, ಅಥೆನ್ಸಿನ ಪೌರತ್ವದ ಇತಿಹಾಸಕ್ಕೆ ಶಾಸನ ಮತ್ತು ಭಾಷಣಗಳ ಜೊತೆ ಸೇರಬೇಕಾದ ಆಕರವೆಂದು ಪರಿಗಣಿಸುವುದು ಉಚಿತ.